ಕಿಡ್ನಿ ಕಲ್ಲಿನ ಕೀಹೋಲ್ ಆಪರೇಷನ್: ಕಲ್ಲು ಪೂರ್ತಿ ಹೋಗಬೇಕಾದರೆ ಏನೇನು ಕೂಡಿಬರಬೇಕು

ಕಿಡ್ನಿಯಲ್ಲಿ ಕಲ್ಲಿದೆ, ಆಪರೇಷನ್ ಆಗಬೇಕು ಅಂದಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ: "ಅಲ್ಲಿ ಲೇಸರ್ ಇದೆಯಾ?" ಈಗಿನ ಲೇಸರ್ ಒಡೆಯಲಾರದ ಕಲ್ಲು ಇಲ್ಲವೆಂದೇ ಹೇಳಬಹುದು. ಕಷ್ಟ ಇರುವುದು ಕಲ್ಲಿನ ಹತ್ತಿರ ಹೋಗಿ ಮುಟ್ಟುವುದರಲ್ಲಿ, ಒಡೆದ ಚೂರನ್ನು ಹೊರಗೆ ತರುವುದರಲ್ಲಿ, ಸೋಂಕು ರಕ್ತಕ್ಕೆ ಏರದಂತೆ ಕಾಯುವುದರಲ್ಲಿ. ಈ ಮೂರರ ಬಹುಪಾಲು ರೋಗಿ ಥಿಯೇಟರ್ ಒಳಗೆ ಹೋಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಹಾಸನ, ಚಿಕ್ಕಮಗಳೂರು ಜಿಲ್ಲೆಯ ರೋಗಿಗಳು ಮತ್ತು ಅವರ ಮನೆಯವರಿಗಾಗಿ ಬರೆದ ಈ ಲೇಖನದಲ್ಲಿ ಆಪರೇಷನ್‌ಗೆ ಮುಂಚಿನ ಎರಡು ವಾರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಸ್ಕ್ಯಾನ್ ರಿಪೋರ್ಟಿನಲ್ಲಿ ಏನಿರಬೇಕು

ಹೊಟ್ಟೆಯ ಅಲ್ಟ್ರಾಸೌಂಡ್ ಕಲ್ಲು ಇದೆಯೋ ಇಲ್ಲವೋ ನೋಡಲು ಸಾಕು. ಆಪರೇಷನ್ ಯೋಜನೆಗೆ ಸಾಲದು. ಮೂತ್ರನಾಳದ (ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಕೊಳವೆ) ನಡುಭಾಗದಲ್ಲಿ ಸಿಕ್ಕಿಕೊಂಡ ಕಲ್ಲು ಅದರಲ್ಲಿ ಕಾಣದೇ ಹೋಗಬಹುದು, ಸಣ್ಣ ಕಲ್ಲಿನ ಅಳತೆಯನ್ನು ಅದು ಹೆಚ್ಚಾಗಿ ತೋರಿಸುವುದೂ ಉಂಟು. ಬೇಕಾದ್ದು ಬಣ್ಣದ ಇಂಜೆಕ್ಷನ್ ಇಲ್ಲದ, ಖಾಲಿ ಸಿಟಿ ಸ್ಕ್ಯಾನ್. ಚೀಟಿಯಲ್ಲಿ 'ಪ್ಲೇನ್ ಸಿಟಿ ಕೆಯುಬಿ' ಎಂದು ಬರೆದಿರುತ್ತಾರೆ. ರಿಪೋರ್ಟ್ ಕೈಗೆ ಬಂದಾಗ ಐದು ವಿಷಯ ಇದೆಯೇ ನೋಡಿ: ಕಲ್ಲಿನ ಅಳತೆ, ಅದು ಕಿಡ್ನಿಯ ಯಾವ ಭಾಗದಲ್ಲಿದೆ, ಎಷ್ಟು ಗಟ್ಟಿ, ಬೆನ್ನಿನ ಚರ್ಮದಿಂದ ಕಲ್ಲಿಗೆ ಎಷ್ಟು ದೂರ, ಕಿಡ್ನಿ ಊದಿಕೊಂಡಿದೆಯೇ. 'ಕಿಡ್ನಿಯಲ್ಲಿ ಕಲ್ಲುಗಳಿವೆ' ಎಂದು ಒಂದೇ ಸಾಲು ಬರೆದಿದ್ದರೆ ಸ್ಕ್ಯಾನ್ ಸೆಂಟರಿಗೆ ವಾಪಸ್ ಹೋಗಿ ಉಳಿದದ್ದನ್ನೂ ಬರೆಸಿಕೊಳ್ಳಿ. ಚಿತ್ರ ಅವರ ಕಂಪ್ಯೂಟರಿನಲ್ಲೇ ಇರುತ್ತದೆ, ಮತ್ತೆ ಸ್ಕ್ಯಾನ್ ಮಾಡಿಸಬೇಕಿಲ್ಲ. ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಾಗಿ ಬಂದರೆ ಅಲ್ಲಿಯ ವೈದ್ಯರಿಗೆ ಬರಿಯ ರಿಪೋರ್ಟಿಗಿಂತ ಅದು ಹೆಚ್ಚು ಉಪಯೋಗ.

ಅಳತೆಯನ್ನು ನಮ್ಮ ಕಡೆಯ ವಸ್ತುಗಳಲ್ಲೇ ನೆನಪಿಟ್ಟುಕೊಳ್ಳಬಹುದು. ಕಾಳುಮೆಣಸು ಒಂದು 4-5 ಮಿ.ಮೀ. ಕಾಫಿ ಬೀಜದ ಉದ್ದ ಸುಮಾರು 10 ಮಿ.ಮೀ. ಸುಲಿದ ಅಡಿಕೆ 20 ಮಿ.ಮೀ. ಆಸುಪಾಸು. ಮೆಣಸಿನ ಕಾಳಿನಷ್ಟು ಕಲ್ಲು ಬಹುತೇಕ ತಾನಾಗಿಯೇ ಮೂತ್ರದಲ್ಲಿ ಹೋಗುತ್ತದೆ. ಕಾಫಿ ಬೀಜದಷ್ಟಾದರೆ ತಾನಾಗಿ ಹೋಗುವುದು ಅಪರೂಪ. ಅಡಿಕೆಯಷ್ಟಾದರೆ ದೊಡ್ಡ ಕಲ್ಲು.

ಇಲ್ಲಿ ಬಹಳ ಜನ ಎಡವುತ್ತಾರೆ. 10 ಮಿ.ಮೀ. ಕಲ್ಲಿಗಿಂತ 20 ಮಿ.ಮೀ. ಕಲ್ಲು ಎರಡು ಪಟ್ಟು ಎಂದುಕೊಳ್ಳುತ್ತಾರೆ. ಉದ್ದ, ಅಗಲ, ದಪ್ಪ ಮೂರೂ ಇಮ್ಮಡಿಯಾದರೆ ಒಟ್ಟು ಗಾತ್ರ ಎಂಟು ಪಟ್ಟು. 10 ಮಿ.ಮೀ. ಉಂಡೆ ಅರ್ಧ ಮಿಲಿಲೀಟರಿನಷ್ಟು, 20 ಮಿ.ಮೀ. ಉಂಡೆ ನಾಲ್ಕು ಮಿಲಿಲೀಟರಿಗೂ ಮೀರಿದ್ದು. ಲೇಸರ್ ಪುಡಿ ಮಾಡಬೇಕಾದದ್ದು, ಹೊರಗೆ ಬರಬೇಕಾದದ್ದು ಈ ಗಾತ್ರ. ಅದಕ್ಕೇ ಮೂತ್ರದ ದಾರಿಯಲ್ಲಿ ಹೋಗುವ ಲೇಸರ್ ವಿಧಾನ 10 ಮಿ.ಮೀ. ಕಲ್ಲಿಗೆ ಒಂದೇ ಸಲಕ್ಕೆ ಮುಗಿದರೆ, 25 ಮಿ.ಮೀ. ಕಲ್ಲಿಗೆ ಎರಡು ಮೂರು ಸಲ ಬೇಕಾಗುತ್ತದೆ. 'ಗಾಯವಿಲ್ಲದ ಆಪರೇಷನ್' ಎಂದು ಅದನ್ನೇ ಆರಿಸಿಕೊಂಡವರು ಎರಡನೇ ಅರಿವಳಿಕೆ, ಎರಡನೇ ಬಿಲ್ಲು, ಇನ್ನೂ ಒಂದು ತಿಂಗಳ ಸ್ಟೆಂಟ್ (ಮೂತ್ರ ಇಳಿಯಲು ಒಳಗೇ ಇಡುವ ಕೊಳವೆ) ಎಂದಾಗ ಬೇಸರ ಪಡುತ್ತಾರೆ. ಮೊದಲೇ ಕೇಳಬೇಕಾದ ಪ್ರಶ್ನೆ ಇದು: "ನನ್ನ ಕಲ್ಲಿಗೆ ಎಷ್ಟು ಸಲ ಬೇಕಾಗಬಹುದು?"

ಕಲ್ಲು ಕೂತ ಜಾಗ

ಕಿಡ್ನಿಯ ಒಳಗೆ ಮೂತ್ರ ಕೂಡುವ ಬಟ್ಟಲುಗಳಿವೆ: ಮೇಲೆ, ನಡುವೆ, ಕೆಳಗೆ. ಕೆಳಬಟ್ಟಲಿನ ಕಲ್ಲು ಎಲ್ಲಕ್ಕಿಂತ ಮೊಂಡು. ಮನುಷ್ಯ ಎದ್ದು ಓಡಾಡುವಾಗ ಆ ಬಟ್ಟಲು ಪಾತ್ರೆಯ ತಳದ ಹಾಗೆ, ಒಡೆದ ಪುಡಿ ಅಲ್ಲೇ ತಂಗುತ್ತದೆ. ಹೊರಗಿನಿಂದ ಅಲೆ ಹಾಯಿಸಿ ಒಡೆಯುವ ಶಾಕ್‌ವೇವ್ ವಿಧಾನಕ್ಕೆ ಕೆಳಬಟ್ಟಲಿನಲ್ಲಿ ಯಶಸ್ಸು ಕಡಿಮೆಯಾಗುವುದು ಇದರಿಂದಲೇ. ಕಲ್ಲು ಒಡೆಯುತ್ತದೆ, ಹೊರಗೆ ಬರುವುದಿಲ್ಲ.

ಮೂತ್ರನಾಳದ ಮೂಲಕ ಹೋಗುವ ಬಾಗುವ ದುರ್ಬೀನಿಗೂ ಇದೇ ಜಾಗ ತೊಡಕು. ಮೇಲಕ್ಕೆ ಏರಿದ ದುರ್ಬೀನು ಅಲ್ಲಿಂದ ಹಿಂತಿರುಗಿ ಕೆಳಕ್ಕೆ ಬಾಗಬೇಕು. ಆ ತಿರುವಿನ ಕೋನ 30 ಡಿಗ್ರಿಗಿಂತ ಕಿರಿದಾಗಿದ್ದರೆ, ಬಟ್ಟಲಿನ ಕತ್ತು ಉದ್ದವಾಗಿ ಸಣ್ಣದಾಗಿದ್ದರೆ, ಕಲ್ಲು ಕಣ್ಣಿಗೆ ಕಂಡರೂ ಲೇಸರ್ ತಂತಿ ಒಳಗಿರುವಾಗ ದುರ್ಬೀನು ಅಷ್ಟು ಬಾಗುವುದಿಲ್ಲ. ನುರಿತವರು ಕಲ್ಲನ್ನು ಸಣ್ಣ ತಂತಿಬುಟ್ಟಿಯಲ್ಲಿ ಹಿಡಿದು ಮೇಲಿನ ಬಟ್ಟಲಿಗೆ ಸಾಗಿಸಿ ಅಲ್ಲಿ ಒಡೆಯುತ್ತಾರೆ. ಹಿಡಿದು ಎಳೆಯಲಾಗದಷ್ಟು ದೊಡ್ಡದಿದ್ದರೆ ಆ ಉಪಾಯವೂ ನಡೆಯದು. ಕೆಳಬಟ್ಟಲಿನಲ್ಲಿ 15 ಮಿ.ಮೀ.ಗೆ ಮೀರಿದ ಗಟ್ಟಿ ಕಲ್ಲಿದ್ದು ತಿರುವೂ ಕಿರಿದಾಗಿದ್ದರೆ ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ತೆಗೆಯುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಗಟ್ಟಿತನ

ಸಿಟಿ ರಿಪೋರ್ಟಿನಲ್ಲಿ ಕಲ್ಲು ಎಷ್ಟು ಗಟ್ಟಿ ಎಂದು ತಿಳಿಸುವ 'ಎಚ್‌ಯು' ಎಂಬ ಸಂಖ್ಯೆ ಇರುತ್ತದೆ. 1000ಕ್ಕಿಂತ ಹೆಚ್ಚಿದ್ದರೆ ಶಾಕ್‌ವೇವ್‌ಗೆ ಕಲ್ಲು ಬಗ್ಗುವ ಸಾಧ್ಯತೆ ಕಡಿಮೆ. ಚರ್ಮದಿಂದ ಕಲ್ಲಿಗೆ 10 ಸೆಂ.ಮೀ.ಗಿಂತ ಹೆಚ್ಚು ದೂರವಿದ್ದರೂ, ಅಂದರೆ ಮೈ ದಪ್ಪವಿದ್ದವರಲ್ಲಿ, ಅಲೆಯ ಬಲ ಕಲ್ಲು ತಲಪುವಷ್ಟರಲ್ಲಿ ಕುಗ್ಗುತ್ತದೆ. ಎರಡು ಸಲ ಶಾಕ್‌ವೇವ್ ಕೊಟ್ಟೂ ಕಲ್ಲು ಒಡೆಯದಿದ್ದರೆ ಮೂರನೆಯದಕ್ಕೆ ಹಣ ಕಟ್ಟುವ ಮುಂಚೆ ಬೇರೆ ದಾರಿ ಕೇಳಿ.

ಇನ್ನೊಂದು ತುದಿ: ಎಚ್‌ಯು 500ಕ್ಕಿಂತ ಕಡಿಮೆ, ಎಕ್ಸ್‌ರೇಯಲ್ಲಿ ಕಲ್ಲು ಕಾಣುವುದೇ ಇಲ್ಲ, ಮೂತ್ರದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕಡಿಮೆ, ಜೊತೆಗೆ ಸಕ್ಕರೆ ಕಾಯಿಲೆಯೋ ಯೂರಿಕ್ ಆಸಿಡ್ ಹೆಚ್ಚಿರುವ ಗಂಟುನೋವೋ ಇದೆ. ಇಷ್ಟು ಕೂಡಿದ್ದರೆ ಅದು ಯೂರಿಕ್ ಆಸಿಡ್ ಕಲ್ಲಿರಬಹುದು. ನಿಜವಾಗಿ ಔಷಧಕ್ಕೆ ಕರಗುವ ಕಲ್ಲು ಇದೊಂದೇ ಎನ್ನಬಹುದು. ಮೂತ್ರಕ್ಕೆ ಅಡ್ಡಿ, ಸೋಂಕು ಇಲ್ಲದಿದ್ದರೆ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಪಿಎಚ್ ಏರಿಸಿ ಕೆಲವು ವಾರ, ತಿಂಗಳು ನೋಡುತ್ತಾರೆ. ಆಪರೇಷನ್ನೇ ತಪ್ಪಬಹುದು. ಉಳಿದ ಕ್ಯಾಲ್ಸಿಯಂ ಕಲ್ಲುಗಳನ್ನು ಬಾಳೆದಿಂಡಿನ ರಸ, ಹುರುಳಿಕಟ್ಟು, ಕಾಡುಬಸಳೆ ಯಾವುದೂ ಕರಗಿಸುವುದಿಲ್ಲ. ಊಟಕ್ಕೆ ಹುರುಳಿಕಟ್ಟಿನ ಸಾರು ಸೊಗಸು, ಉಣ್ಣಿ. ಆದರೆ ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರು, ಅಂದರೆ ಕಿಡ್ನಿಯ ಕೆಲಸ ಕುಗ್ಗಿದವರು, ಬಾಳೆದಿಂಡಿನ ರಸವನ್ನು ಲೋಟಗಟ್ಟಲೆ ಕುಡಿಯಬಾರದು, ಅದರ ಪೊಟ್ಯಾಸಿಯಂ ದುರ್ಬಲ ಕಿಡ್ನಿಗೆ ಅಪಾಯ.

ಯಾವ ಕಲ್ಲಿಗೆ ಯಾವ ದಾರಿ

10 ಮಿ.ಮೀ. ಒಳಗಿನ ಕಿಡ್ನಿ ಕಲ್ಲಿಗೆ ಶಾಕ್‌ವೇವ್ ಅಥವಾ ಆರ್‌ಐಆರ್‌ಎಸ್. ಆರ್‌ಐಆರ್‌ಎಸ್ ಎಂದರೆ ಮೂತ್ರದ ದಾರಿಯಲ್ಲೇ ಕಿಡ್ನಿವರೆಗೆ ಹೋಗುವ ಬಾಗುವ ದುರ್ಬೀನು ಮತ್ತು ಲೇಸರ್. 20 ಮಿ.ಮೀ. ಮೀರಿದರೆ, ಬಟ್ಟಲುಗಳಿಗೆಲ್ಲ ಕೊಂಬೆಯಂತೆ ಚಾಚಿದ ಕಲ್ಲಾದರೆ, ಪಿಸಿಎನ್‌ಎಲ್, ಅಂದರೆ ಬೆನ್ನಿನಿಂದ ನೇರ ತೂತು. ನಡುವಿನ 10ರಿಂದ 20 ಮಿ.ಮೀ. ಕಲ್ಲಿಗೆ ಈ ಮೂರೂ ನಡೆಯುತ್ತವೆ. ಮೇಲೆ ಹೇಳಿದ ಜಾಗ, ಗಟ್ಟಿತನ, ತಿರುವು ಅಲ್ಲಿ ತೀರ್ಮಾನ ಮಾಡುತ್ತವೆ. ಪಿಸಿಎನ್‌ಎಲ್‌ನ ತೂತಿನ ಅಳತೆ ಫ್ರೆಂಚ್ ಎಂಬ ಲೆಕ್ಕದಲ್ಲಿ, ಮೂರು ಫ್ರೆಂಚ್‌ಗೆ ಒಂದು ಮಿ.ಮೀ. ಹಳೆಯ 30 ಫ್ರೆಂಚ್ ತೂತು 10 ಮಿ.ಮೀ., ಮಿನಿ ಪಿಸಿಎನ್‌ಎಲ್‌ನ 18 ಫ್ರೆಂಚ್ ತೂತು ಬರೀ 6 ಮಿ.ಮೀ. ತೂತು ಸಣ್ಣದಾದಷ್ಟೂ ರಕ್ತ ಕಡಿಮೆ ಹೋಗುತ್ತದೆ, ದೊಡ್ಡ ಕಲ್ಲಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ.

ಗರ್ಭಿಣಿಯರಿಗೆ ಶಾಕ್‌ವೇವ್ ಕೂಡದು. ಕುದುರೆಲಾಳದಂತೆ ಕೂಡಿಕೊಂಡ ಕಿಡ್ನಿ, ಹಿಂದೆ ತೆರೆದ ಆಪರೇಷನ್ ಆದ ಕಿಡ್ನಿ, ಬೆನ್ನುಮೂಳೆ ಬಾಗಿದವರು: ಇಂಥ ಸಂದರ್ಭಗಳನ್ನು ಇಂಥವನ್ನು ಹೆಚ್ಚು ನೋಡುವ ಆಸ್ಪತ್ರೆಗೇ ಒಯ್ಯಬೇಕು.

ಮೂತ್ರದ ಕಲ್ಚರ್: ಬಿಡಲೇಬಾರದ ಪರೀಕ್ಷೆ

ಆಪರೇಷನ್ ನಂತರ ಜೀವಕ್ಕೆ ಅಪಾಯ ತರುವುದರಲ್ಲಿ ಮೊದಲನೆಯದು ಸೋಂಕು. ಕಲ್ಲು ಒಡೆಯುವಾಗ ಅದರೊಳಗಿನ ಬ್ಯಾಕ್ಟೀರಿಯಾ ಬಿಡುಗಡೆಯಾಗುತ್ತದೆ, ತೊಳೆಯುವ ನೀರಿನ ಒತ್ತಡ ಅದನ್ನು ರಕ್ತಕ್ಕೆ ತಳ್ಳುತ್ತದೆ. ಪಿಸಿಎನ್‌ಎಲ್ ಆದವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಗೆ ಜ್ವರ ಬರುತ್ತದೆ. ಹೆಚ್ಚಿನವರಿಗೆ ಔಷಧಕ್ಕೆ ಇಳಿಯುತ್ತದೆ, ಕೆಲವರಿಗೆ ರಕ್ತದೊತ್ತಡ ಕುಸಿದು ಐಸಿಯು ಬೇಕಾಗುತ್ತದೆ.

ಸಾಮಾನ್ಯ ಮೂತ್ರ ಪರೀಕ್ಷೆ ಬೇರೆ, ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಬೇರೆ. ಕಲ್ಚರ್ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಹಾಗಾಗಿ ಆಪರೇಷನ್‌ಗೆ ಒಂದು ವಾರ, ಹತ್ತು ದಿನ ಇರುವಾಗಲೇ ಕೊಡಿ. ಹಿಂದಿನ ದಿನ ಕೊಟ್ಟರೆ ಉಪಯೋಗವಿಲ್ಲ. ಮಾದರಿ ಹಿಡಿಯುವ ಬಗೆ ಹೀಗೆ: ಜಾಗ ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರ ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಕ್ರಿಮಿರಹಿತ ಡಬ್ಬಿಗೆ ಹಿಡಿದು, ಒಳಗೆ ಬೆರಳು ತಾಗದಂತೆ ಮುಚ್ಚಳ ಹಾಕಿ, ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಮೂಡಿಗೆರೆಯಾಚೆಯ ತೋಟದಿಂದ ಬಿಸಿಲಲ್ಲಿ ಎರಡು ಗಂಟೆ ಬಸ್ಸಿನಲ್ಲಿ ತಂದ ಡಬ್ಬಿಯಲ್ಲಿ ಇಲ್ಲದ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಲ್ಯಾಬಿನಲ್ಲೇ ಹೋಗಿ ಕೊಡುವುದು ಉತ್ತಮ. ಆಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಮಾದರಿ ಕೊಡಬೇಕು. ಮೆಡಿಕಲ್ ಶಾಪಿನಿಂದ ತಾವೇ ಎರಡು ಮಾತ್ರೆ ನುಂಗಿ ಬಂದರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಎಲ್ಲರೂ ಮೋಸ ಹೋಗುತ್ತಾರೆ.

ಸೋಂಕು ಕಂಡರೆ ಆ ಬ್ಯಾಕ್ಟೀರಿಯಾಕ್ಕೆ ತಕ್ಕ ಔಷಧ ಕೊಟ್ಟು ಆಮೇಲೇ ಆಪರೇಷನ್. ಮುಂದೂಡಿದರೆಂದು ಜಗಳಕ್ಕೆ ನಿಲ್ಲಬೇಡಿ, ಮುಂದೂಡುವ ವೈದ್ಯರು ಸರಿಯಾದ ಕೆಲಸ ಮಾಡುತ್ತಿದ್ದಾರೆ. ಕಲ್ಲು ಅಡ್ಡಬಂದು ಕಿಡ್ನಿ ಊದಿ ಚಳಿಜ್ವರ ಬಂದಿದ್ದರೆ ಅದು ತುರ್ತು. ಆಗ ಮೊದಲು ಸ್ಟೆಂಟ್ ಹಾಕಿಯೋ ಬೆನ್ನಿನಿಂದ ಕೊಳವೆ ಇಟ್ಟೋ ಕೀವುಗಟ್ಟಿದ ಮೂತ್ರ ಇಳಿಸುತ್ತಾರೆ, ಕಲ್ಲನ್ನು ಮುಟ್ಟುವುದು ಸೋಂಕು ಇಳಿದ ಮೇಲೆ.

ಸಕ್ಕರೆ ಹತೋಟಿಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆಗಳ ಪಟ್ಟಿಯನ್ನು ಮೊದಲ ಭೇಟಿಯಲ್ಲೇ ತೋರಿಸಿ. ಕ್ಲೋಪಿಡೋಗ್ರೆಲ್, ವಾರ್ಫರಿನ್ ಇವನ್ನು ಸುಮಾರು ಐದು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿ ಇನ್ನೂ ಕೆಲವೇ ತಿಂಗಳಾದವರು ತಾವಾಗಿ ನಿಲ್ಲಿಸಿದರೆ ಹೃದಯಾಘಾತವಾಗಬಹುದು. ಹೃದಯದ ವೈದ್ಯರ ಬರಹ ತನ್ನಿ. ಮಾತ್ರೆ ನಿಲ್ಲಿಸಲಾಗದವರಿಗೆ ಪಿಸಿಎನ್‌ಎಲ್, ಶಾಕ್‌ವೇವ್ ಎರಡೂ ಬೇಡ. ಆರ್‌ಐಆರ್‌ಎಸ್ ಮಾಡಬಹುದು.

ಕಾಫಿ ಕೊಯ್ಲು ಮುಗಿಯಲಿ ಎಂದು ಕಾಯುವವರಿಗೆ ಒಂದು ಮಾತು. ಕಿಡ್ನಿಯೊಳಗೆ ಸುಮ್ಮನೆ ಕೂತ ಕಲ್ಲು ಎರಡು ತಿಂಗಳು ಕಾಯಬಲ್ಲದು. ಮೂತ್ರನಾಳಕ್ಕೆ ಇಳಿದು ಅಡ್ಡ ಕೂತ ಕಲ್ಲು ಕಾಯುವುದಿಲ್ಲ. ನೋವು ತಾನಾಗಿ ನಿಂತಿತೆಂದರೆ ಕಲ್ಲು ಹೋಯಿತೆಂದಲ್ಲ, ಕಿಡ್ನಿ ಸೋತು ನೋವು ನಿಂತಿರಲೂಬಹುದು. ನಾಲ್ಕರಿಂದ ಆರು ವಾರ ಅಡ್ಡಿ ಹಾಗೇ ಉಳಿದರೆ ಕಿಡ್ನಿಗೆ ಮರಳಿ ಬರದ ನಷ್ಟವಾಗಬಹುದು. ನೋವು ನಿಂತ ಎರಡು ವಾರದೊಳಗೆ ಒಂದು ಸ್ಕ್ಯಾನ್ ಮಾಡಿಸಿ, ಆಮೇಲೆ ತೋಟಕ್ಕೆ ಹೋಗಿ.

ಥಿಯೇಟರ್ ಒಳಗೆ

ಪಿಸಿಎನ್‌ಎಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕ್ಷಣ ಸೂಜಿ ಚುಚ್ಚುವ ಆ ಒಂದು ನಿಮಿಷ. ಮೊದಲು ಕೆಳಗಿನಿಂದ ಮೂತ್ರನಾಳಕ್ಕೆ ಸಣ್ಣ ಕೊಳವೆ ಹಾಕಿ ಅದರ ಮೂಲಕ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಬಟ್ಟಲುಗಳ ಆಕಾರ ಕಾಣುವಂತೆ ಮಾಡುತ್ತಾರೆ. ಆಮೇಲೆ ಬೆನ್ನಿನಿಂದ 18 ಗೇಜಿನ ಉದ್ದ ಸೂಜಿ. ಅದು ಬಟ್ಟಲಿನ ತುದಿಯ ನಡುಮಧ್ಯೆ ಒಳಹೊಕ್ಕರೆ ಅಲ್ಲಿ ದೊಡ್ಡ ರಕ್ತನಾಳ ಇಲ್ಲ. ಬಟ್ಟಲಿನ ಕತ್ತಿನಲ್ಲಿ ಹೊಕ್ಕರೆ ಪಕ್ಕದಲ್ಲೇ ಹರಿಯುವ ರಕ್ತನಾಳ ಸೀಳಬಹುದು. ಸೂಜಿಯ ಒಳಕಡ್ಡಿ ತೆಗೆದಾಗ ಮೂತ್ರ ತೊಟ್ಟಿಕ್ಕಿದರೆ ದಾರಿ ಸರಿ. ಅದರೊಳಗೆ ತಂತಿ ಬಿಟ್ಟು, ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪ ಕೊಳವೆ ತೂರಿಸಿ ದಾರಿ ಅಗಲ ಮಾಡುತ್ತಾರೆ. ಅಗಲ ಮಾಡುವಾಗ ಬಹಳ ಮುಂದೆ ಹೋದರೆ ಕಿಡ್ನಿಯ ಆಚೆ ಗೋಡೆ ಹರಿಯುತ್ತದೆ, ಹಿಂದೆ ಉಳಿದರೆ ಕಲ್ಲು ಸಿಗುವುದಿಲ್ಲ. ಪಕ್ಕೆಲುಬಿನ ಮೇಲಿನಿಂದ ಚುಚ್ಚಬೇಕಾಗಿ ಬಂದರೆ ಶ್ವಾಸಕೋಶದ ಹೊದಿಕೆಗೆ ತಾಗುವ ಭಯ ಹೆಚ್ಚು.

ಈ ಕೈಚಳಕ ಅಭ್ಯಾಸದಿಂದಲೇ ಬರುವುದು. ಸುಮಾರು 60 ಪಿಸಿಎನ್‌ಎಲ್ ಮಾಡಿದ ಮೇಲೆ ಕೈ ಪಳಗುತ್ತದೆ ಎಂದು ತರಬೇತಿಯ ಲೆಕ್ಕ. "ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ ಡಾಕ್ಟ್ರೇ? ತೊಂದರೆಯಾದರೆ ರಕ್ತನಾಳ ಮುಚ್ಚಲು ಇಲ್ಲೇ ವ್ಯವಸ್ಥೆ ಇದೆಯಾ, ಬೇರೆ ಊರಿಗೆ ಕಳಿಸುತ್ತೀರಾ?" ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಆರ್‌ಐಆರ್‌ಎಸ್‌ನಲ್ಲಿ ಗೆಲುವು ಮೂತ್ರನಾಳದ ಅಗಲದ ಮೇಲಿದೆ. ಕೆಲವರ ನಾಳ ಹುಟ್ಟಿನಿಂದಲೇ ಸಣ್ಣ, ದುರ್ಬೀನು ಹೋಗುವುದೇ ಇಲ್ಲ. ಬಲವಂತ ಮಾಡಿದರೆ ನಾಳ ಹರಿಯುತ್ತದೆ. ಆಗ ವೈದ್ಯರು ಬರೀ ಸ್ಟೆಂಟ್ ಹಾಕಿ ಹೊರಬಂದು, ಒಂದೆರಡು ವಾರದಲ್ಲಿ ನಾಳ ತಾನಾಗಿ ಸಡಿಲವಾದ ಮೇಲೆ ಮತ್ತೆ ಒಳಹೋಗುತ್ತಾರೆ. ಇದನ್ನು ಸೋಲು ಎನ್ನಬೇಡಿ, ಅದೇ ಸುರಕ್ಷಿತ ದಾರಿ. ಹೊತ್ತೂ ಮುಖ್ಯ: 90 ನಿಮಿಷ ಮೀರಿದಂತೆ ಸೋಂಕಿನ ಅಪಾಯ ಏರುತ್ತದೆ. ದೊಡ್ಡ ಕಲ್ಲಿನಲ್ಲಿ ಅರ್ಧ ಮುಗಿಸಿ ನಿಲ್ಲಿಸುವ ವೈದ್ಯರ ತೀರ್ಮಾನವನ್ನು ಒಪ್ಪಿಕೊಳ್ಳಿ.

ಮನೆಗೆ ಬಂದ ಮೇಲೆ

ಪಿಸಿಎನ್‌ಎಲ್ ಆದವರಿಗೆ ಎರಡು ಮೂರು ದಿನ ಆಸ್ಪತ್ರೆ, ಆರ್‌ಐಆರ್‌ಎಸ್‌ಗೆ ಒಂದು ದಿನ ಸಾಕಾಗಬಹುದು. ಮೂತ್ರ ಕೆಲವು ದಿನ ಕೆಂಪಗಿರುವುದು ಸಹಜ. ಪಿಸಿಎನ್‌ಎಲ್ ಆಗಿ ಒಂದರಿಂದ ಮೂರು ವಾರದ ನಡುವೆ ತಿಳಿಯಾಗಿದ್ದ ಮೂತ್ರ ದಿಢೀರನೆ ರಕ್ತವಾದರೆ, ಗೆಡ್ಡೆ ಗೆಡ್ಡೆ ರಕ್ತ ಬಂದರೆ, ಒಳಗೆ ರಕ್ತನಾಳದಲ್ಲಿ ಗುಳ್ಳೆ ಎದ್ದು ಒಡೆದಿರಬಹುದು. ತಕ್ಷಣ ಆಸ್ಪತ್ರೆ. ಆ ಮೂರು ವಾರ ಬೈಕು, ತೋಟದ ಜೀಪು, ಕಾಫಿ ಮೂಟೆ ಎತ್ತುವುದು ಬೇಡ. ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ, ನಡುಗು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಳ್ಳುವ ಮಲೆನಾಡಿನವರು ಮಳೆಗಾಲವನ್ನು ಲೆಕ್ಕದಲ್ಲಿಡಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಜರಿದರೆ ಆಸ್ಪತ್ರೆಗೆ ವಾಪಸ್ ಹೋಗಲು ದಾರಿಯಿಲ್ಲ. ಮೊದಲ ನಾಲ್ಕೈದು ದಿನ ಘಟ್ಟದ ಕೆಳಗೇ ನಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ಮೊದಲೇ ಅಲ್ಲಿಯ ಆರೋಗ್ಯ ಮಿತ್ರರನ್ನು (ಈ ಯೋಜನೆಯ ಸಹಾಯಕರು) ಕೇಳಿ. ದಾಖಲಾದ ಮೇಲೆ ಓಡಾಡುವುದು ಕಷ್ಟ.

ಡಿಜೆ ಸ್ಟೆಂಟ್ ಬಗ್ಗೆ ಒತ್ತಿ ಹೇಳಬೇಕು. ಕಿಡ್ನಿಯಿಂದ ಮೂತ್ರಕೋಶದವರೆಗೆ ಒಳಗೇ ಇರುವ ಸುಮಾರು 26 ಸೆಂ.ಮೀ. ಉದ್ದದ ಮೆತ್ತನೆಯ ಕೊಳವೆ ಅದು. ಪದೇ ಪದೇ ಮೂತ್ರ, ಮೂತ್ರ ಮಾಡುವಾಗ ಬೆನ್ನಲ್ಲಿ ಚುಳುಕು, ಓಡಾಡಿದರೆ ಸ್ವಲ್ಪ ರಕ್ತ ಇವೆಲ್ಲ ಅದರಿಂದ. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಮಾತ್ರೆ ರಾತ್ರಿ ಕೊಡುತ್ತಾರೆ, ಎದ್ದ ಕೂಡಲೇ ತಲೆಸುತ್ತಬಹುದು, ನಿಧಾನಕ್ಕೆ ಏಳಿ. ನೋವು ಕಡಿಮೆಯಾಯಿತೆಂದು ಸ್ಟೆಂಟ್ ಮರೆಯುವವರಿದ್ದಾರೆ. ಮೂರು ತಿಂಗಳು ಮೀರಿದರೆ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟಲು ಶುರು. ವರ್ಷ ಕಳೆದರೆ ಅದನ್ನು ತೆಗೆಯಲು ಮೊದಲಿಗಿಂತ ದೊಡ್ಡ ಆಪರೇಷನ್ ಬೇಕಾಗುತ್ತದೆ. ಡಿಸ್ಚಾರ್ಜ್ ದಿನವೇ ತೆಗೆಸುವ ತಾರೀಕು ಬರೆಸಿಕೊಂಡು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪಗೆ ಗುರುತು ಹಾಕಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಅಲಾರಂ ಇಡಿ.

'ಕಲ್ಲೆಲ್ಲ ಹೋಯಿತು' ಎಂಬ ಮಾತನ್ನು ಒಂದರಿಂದ ಮೂರು ತಿಂಗಳೊಳಗಿನ ಸ್ಕ್ಯಾನ್ ಹೇಳಬೇಕು. ಅಲ್ಟ್ರಾಸೌಂಡ್, ಎಕ್ಸ್‌ರೇಯಲ್ಲಿ ಸಣ್ಣ ಚೂರು ತಪ್ಪಿಸಿಕೊಳ್ಳುತ್ತದೆ, ಕಡಿಮೆ ವಿಕಿರಣದ ಸಿಟಿ ಖಚಿತ. ಕಾಳುಮೆಣಸಿಗಿಂತ ದೊಡ್ಡ ಚೂರು ಉಳಿದಿದ್ದರೆ ಅದು ಮುಂದೆ ನೋವನ್ನೋ ಹೊಸ ಕಲ್ಲನ್ನೋ ತರುವ ಸಾಧ್ಯತೆ ಹೆಚ್ಚು. ತೆಗೆದ ಚೂರುಗಳನ್ನು ಕೇಳಿ ಪಡೆದು ಇನ್‌ಫ್ರಾರೆಡ್ ವಿಧಾನದ ಕಲ್ಲು ಪರೀಕ್ಷೆಗೆ ಕಳಿಸಿ. ಬಾಟಲಿಯಲ್ಲಿಟ್ಟು ಶೋಕೇಸಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಕಲ್ಲು ಯಾವುದೆಂದು ಗೊತ್ತಾದರೆ ಮುಂದಿನ ಪಥ್ಯ ಅದರ ಮೇಲೆ.

ಪಥ್ಯದಲ್ಲಿ ನೀರಿಗೆ ಸಮನಾದದ್ದಿಲ್ಲ. ಕುಡಿದ ನೀರನ್ನಲ್ಲ, ಹೊರಗೆ ಬಂದ ಮೂತ್ರವನ್ನು ಅಳೆಯಿರಿ: ತಿಂಗಳಿಗೊಂದು ದಿನ ಲೀಟರ್ ಗುರುತಿನ ಜಗ್ಗಿನಲ್ಲಿ 24 ಗಂಟೆಯದ್ದು ಹಿಡಿದರೆ 2.5 ಲೀಟರ್ ಆಗಬೇಕು. ಕಡೂರು, ಅರಸೀಕೆರೆಯ ಬಿಸಿಲಲ್ಲಿ ಹೊಲದಲ್ಲಿ ಬೆವರುವವರಿಗೆ ಇದಕ್ಕೆ ಮೂರೂವರೆ, ನಾಲ್ಕು ಲೀಟರ್ ಕುಡಿಯಬೇಕಾಗಬಹುದು. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಉಪ್ಪಿನಕಾಯಿ, ಹಪ್ಪಳ ಅದರಲ್ಲೇ ಸೇರಿತು. ಹಾಲು, ಮಜ್ಜಿಗೆ, ರಾಗಿಮುದ್ದೆ ಬಿಡುವ ಅಗತ್ಯವಿಲ್ಲ: ಊಟದ ಜೊತೆ ಬಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ, ಅದನ್ನು ಬಿಟ್ಟರೆ ಕಲ್ಲು ಹೆಚ್ಚುತ್ತದೆ. ಆಕ್ಸಲೇಟ್ ಕಲ್ಲಿನವರು ಪಾಲಕ್ ಸೊಪ್ಪನ್ನು ಕಡಿಮೆ ಮಾಡಿ. ಕಾಫಿ ಬಿಡಬೇಕೇ ಎಂದು ಇಲ್ಲಿಯ ಪ್ರತಿಯೊಬ್ಬರೂ ಕೇಳುತ್ತಾರೆ. ಕಾಫಿ ಕುಡಿಯುವವರಲ್ಲಿ ಕಲ್ಲು ಹೆಚ್ಚಲ್ಲ, ಕಡಿಮೆಯೇ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ದಿನಕ್ಕೆ ಎರಡು ಲೋಟ ಕುಡಿಯಿರಿ, ಸಕ್ಕರೆ ಕಡಿಮೆ ಹಾಕಿ.